ಮಳೆ ಘಟ್ಟದಲ್ಲಿ, ನೆರೆ ಕೊಳ್ಳೇಗಾಲದಲ್ಲಿ

ಚಾಮರಾಜನಗರ ಜಿಲ್ಲೆಯ ದೊಡ್ಡ ನೆರೆಗಳನ್ನು ತರುವ ಮಳೆ ಬಹುಪಾಲು ಆ ಜಿಲ್ಲೆಯಲ್ಲಿ ಬೀಳುವುದೇ ಇಲ್ಲ. ಇಲ್ಲಿ ವರ್ಷಕ್ಕೆ ಸರಾಸರಿ 700ರಿಂದ 800 ಮಿಲಿಮೀಟರ್ ಮಳೆಯಾದರೆ ಹೆಚ್ಚು. ಗುಂಡ್ಲುಪೇಟೆ ಘಟ್ಟದ ಮಳೆನೆರಳಿನ ಸೀಮೆ. ಜುಲೈನಲ್ಲಿ ಗೋಪಾಲಸ್ವಾಮಿ ಬೆಟ್ಟದ ನೆತ್ತಿ ಮೋಡದಲ್ಲಿ ಮುಳುಗಿದ್ದರೂ ಕೆಳಗಿನ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಹದ ಮಳೆಗೆ ಕಾಯುತ್ತಿರುತ್ತವೆ. ಬಂಡೀಪುರ ದಾಟಿ ವಯನಾಡಿಗೆ ಕಾಲಿಟ್ಟರೆ ಲೆಕ್ಕವೇ ಬೇರೆ. ವೈತಿರಿ, ಲಕ್ಕಿಡಿಯ ಕಡೆ ಸುರಿದ ಮಳೆ ಕಬಿನಿಗೆ ಇಳಿಯುತ್ತದೆ. ಭಾಗಮಂಡಲ, ಮಡಿಕೇರಿಯ ಕಡೆ ಸುರಿದದ್ದು ಕಾವೇರಿಗೆ. ಎರಡೂ ತಿರುಮಕೂಡಲು ನರಸೀಪುರದಲ್ಲಿ ಕೂಡಿ, ತಲಕಾಡು ದಾಟಿ, ಕೊಳ್ಳೇಗಾಲ ತಾಲ್ಲೂಕಿನ ಬಯಲಿಗೆ ಬರುತ್ತವೆ.

ಆ ಬಯಲಿನಲ್ಲಿ ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಮುಳ್ಳೂರು, ಹರಳೆ, ಯಡಕುರಿಯದಂಥ ಊರುಗಳಿವೆ. 2018, 2019, 2022, 2024 ಹೀಗೆ ಮತ್ತೆ ಮತ್ತೆ ಸುದ್ದಿಯಲ್ಲಿ ಬಂದ ಹೆಸರುಗಳಿವು. ಹೊಳೆ ಮೊದಲು ಗದ್ದೆಗೆ ನುಗ್ಗುತ್ತದೆ, ಆಮೇಲೆ ರಸ್ತೆಗೆ, ಕಡೆಗೆ ಬೀದಿಗೆ. ಜನ ದನಕರು ಹೊಡೆದುಕೊಂಡು, ಅಕ್ಕಿ ರಾಗಿ ಮೂಟೆ ಹೊತ್ತುಕೊಂಡು ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ. ಸರ್ಕಾರಿ ಕಾಗದದಲ್ಲಿ ಹೆಸರು ಬದಲಾದರೂ ಊರವರ ಬಾಯಲ್ಲಿ ಅದು ಇನ್ನೂ ಗಂಜಿ ಕೇಂದ್ರವೇ. ನೀರು ಇಳಿದ ಮೇಲೂ ಕಷ್ಟ ಮುಗಿಯುವುದಿಲ್ಲ. ನೆನೆದ ಮಣ್ಣಿನ ಗೋಡೆ ಬಿಸಿಲು ಬಿದ್ದ ಎರಡು ಮೂರು ದಿನಕ್ಕೆ ಬಿರುಕುಬಿಟ್ಟು ಕುಸಿಯುತ್ತದೆ. ಮನೆಗೆ ಮರಳಿದವರು ಹೆಚ್ಚು ಎಚ್ಚರದಿಂದ ಇರಬೇಕಾದ ದಿನಗಳು ಅವು.

ಕಾವೇರಿ ಕಣಿವೆಯಲ್ಲಿ ಎಲ್ಲ ನೆರೆಗಳಿಗೂ ಅಳತೆಗೋಲಾಗಿ ನಿಂತಿರುವುದು 1924ರ ಜುಲೈ ತಿಂಗಳ ಮಹಾಪ್ರವಾಹ. ಆಗ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಕೆಲಸ ಇನ್ನೂ ನಡೆಯುತ್ತಿತ್ತು, ಕಬಿನಿಗೆ ಅಣೆಕಟ್ಟೆಯೇ ಇರಲಿಲ್ಲ. ಆ ವರ್ಷ ಮೆಟ್ಟೂರಿನಲ್ಲಿ ಹರಿದ ನೀರನ್ನು 4.56 ಲಕ್ಷ ಕ್ಯುಸೆಕ್ ಎಂದು ಲೆಕ್ಕ ಹಾಕಿ, ಅಲ್ಲಿನ ಅಣೆಕಟ್ಟೆಯ ಕೋಡಿಯನ್ನು ಅದಕ್ಕೆ ತಕ್ಕಂತೆ ರೂಪಿಸಲಾಯಿತು. ಈಚಿನ ನೆರೆಗಳು ಅದರ ಅರ್ಧದ ಆಸುಪಾಸಿನವು. ಆದರೂ 2018ರ ಆಗಸ್ಟ್‌ನಲ್ಲಿ ಶಿವನಸಮುದ್ರದ ಬಳಿ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿದ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಕಲ್ಲುಕಂಬಗಳ ಮೇಲೆ ಅಷ್ಟು ಕಾಲ ನಿಂತಿದ್ದ ಸೇತುವೆ ಅದು.

ಅಣೆಕಟ್ಟೆಗಳಿದ್ದರೂ ನೆರೆ ಏಕೆ ಎಂಬ ಪ್ರಶ್ನೆಗೆ ಅಂಕಿಗಳೇ ಉತ್ತರ ಹೇಳುತ್ತವೆ. ಒಂದು ಲಕ್ಷ ಕ್ಯುಸೆಕ್ ಒಳಹರಿವು ಒಂದು ದಿನ ಇದ್ದರೆ ಬರುವ ನೀರು 8.64 ಟಿಎಂಸಿ ಅಡಿ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯ 19.52 ಟಿಎಂಸಿ. ಅಂದರೆ ಪೂರ್ತಿ ಬರಿದಾಗಿದ್ದ ಜಲಾಶಯವೂ ಎರಡು ಚಿಲ್ಲರೆ ದಿನದಲ್ಲಿ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಬಿಟ್ಟ ನೀರೇ ಲಕ್ಷ ಕ್ಯುಸೆಕ್ ದಾಟಿತ್ತು. 49.45 ಟಿಎಂಸಿ ಹಿಡಿಸುವ ಕೆಆರ್‌ಎಸ್‌ಗೂ ಇಂಥ ಒಳಹರಿವನ್ನು ಆರು ದಿನಕ್ಕಿಂತ ಹೆಚ್ಚು ತಾಳಿಕೊಳ್ಳಲಾಗದು. ಇವು ಕಾಲುವೆಗೂ ಕುಡಿಯುವ ನೀರಿಗೂ ನೀರು ಕೂಡಿಡಲು ಕಟ್ಟಿದವು. ಕೂಡಿಡುವುದಕ್ಕೆ ಜಲಾಶಯ ತುಂಬಿರಬೇಕು, ನೆರೆ ತಡೆಯುವುದಕ್ಕೆ ಬರಿದಾಗಿರಬೇಕು.

ತುಂಬಿಸಿಡಬೇಕೆಂಬ ಒತ್ತಡಕ್ಕೆ ಕಾರಣವೂ ಇದೆ. 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು. 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲೇ ಇಲ್ಲ. ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅಂಥ ಬರ ಉಂಡ ಮರುವರ್ಷ ಜುಲೈನಲ್ಲಿ ಕಟ್ಟೆಯ ನೀರನ್ನು ಮುಂಚಿತವಾಗಿ ಖಾಲಿ ಮಾಡಲು ಯಾವ ಎಂಜಿನಿಯರ್‌ಗೂ ಕೈ ಬಾರದು. ಅದನ್ನು ಅವರ ತಪ್ಪೆಂದು ಹೇಳುವುದು ಅನ್ಯಾಯ. ತುಂಬಿದ ಕಟ್ಟೆಯ ಮೇಲೆ 2024ರ ಜುಲೈ ಕೊನೆಯ ಮಳೆ ಬಂದಾಗ ಬಂದಷ್ಟನ್ನೂ ಹೊಳೆಗೆ ಬಿಡದೆ ಬೇರೆ ದಾರಿ ಉಳಿಯಲಿಲ್ಲ. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯನ್ನು ಮಣ್ಣು ಮಾಡಿದ ಮಳೆಯೇ ಅದು. ಆ ಬೆಟ್ಟಸಾಲಿನ ಪಡುವಣ ಬದಿಯ ನೀರು ಚಾಲಿಯಾರ್ ಹೊಳೆಗೆ ಇಳಿದರೆ, ಮೂಡಣ ಬದಿಯದು ಕಬಿನಿಗೆ ಇಳಿಯಿತು.

ಹೊಳೆಯಿಂದ ದೂರವಿರುವ ಚಾಮರಾಜನಗರ, ಗುಂಡ್ಲುಪೇಟೆ ಪಟ್ಟಣಗಳಿಗೂ ನೆರೆಯ ಬಿಸಿ ತಟ್ಟುತ್ತದೆ. ನಂಜನಗೂಡಿನಲ್ಲಿ ಕಪಿಲೆ, ಅಂದರೆ ಕಬಿನಿ, ಉಕ್ಕಿ ಹದಿನಾರು ಕಾಲು ಮಂಟಪ ಮುಳುಗಿತೆಂದರೆ, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಗೂ ನೀರು ಬಂತೆಂದೇ ಲೆಕ್ಕ. ಆಗ ಮೈಸೂರಿನ ಆಸ್ಪತ್ರೆಗೆ ಹೊರಟವರು, ಕಾಲೇಜಿನ ಮಕ್ಕಳು, ತರಕಾರಿ ಲಾರಿಗಳು ಸುತ್ತುದಾರಿ ಹಿಡಿಯಬೇಕು.

ಜಿಲ್ಲೆಯ ಒಳಗಿನ ಮಳೆಯೇ ನೆರೆ ತಂದದ್ದೂ ಉಂಟು. 2022ರ ಆಗಸ್ಟ್ ಕೊನೆಯಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಅವಳಿ ಜಲಾಶಯಗಳು ಕೋಡಿಬಿದ್ದು ಯಳಂದೂರು ತಾಲ್ಲೂಕಿನ ಹೊಳೆಬದಿಯ ಊರು, ಗದ್ದೆಗಳಿಗೆ ನೀರು ನುಗ್ಗಿತು. ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಹೊಳೆಯ ಪಾತ್ರದಲ್ಲಿ ಗಿಡಗಂಟಿ ಬೆಳೆದು, ಕೆರೆಗಳ ಕೋಡಿ ಹಳ್ಳಗಳು ಒತ್ತುವರಿಯಾಗಿದ್ದರೆ ಸಾಧಾರಣ ಮಳೆಯೂ ನೆರೆಯಾಗುತ್ತದೆ. ಇಂಥ ನೆರೆಗೆ ಮುನ್ಸೂಚನೆಯ ಅವಧಿ ತೀರ ಕಡಿಮೆ.

ಕಾವೇರಿಯ ನೆರೆ ಹಾಗಲ್ಲ. ಘಟ್ಟದ ಮಳೆ ಜಲಾಶಯಕ್ಕೆ ಬಂದು, ಅಲ್ಲಿಂದ ಹೊರಬಿದ್ದ ನೀರು ಕೊಳ್ಳೇಗಾಲ ಮುಟ್ಟಲು ಹಲವು ಗಂಟೆಗಳೇ ಬೇಕು. ಇಷ್ಟು ಮೊದಲೇ ಗೊತ್ತಾಗುವ ಆಪತ್ತಿನಲ್ಲಿ ಜೀವಹಾನಿಗೆ ನೆಪ ಹೇಳುವಂತಿಲ್ಲ. ಎಷ್ಟು ಕ್ಯುಸೆಕ್ ಬಿಟ್ಟರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುದ್ದಿ ಸಾಲದು. ಅಷ್ಟು ನೀರಿಗೆ ತನ್ನ ಊರಿನ ಯಾವ ಬೀದಿಯವರೆಗೆ ಹೊಳೆ ಬರುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು. ಹಿಂದಿನ ನೆರೆಗಳ ಗುರುತನ್ನು ಶಾಲೆಯ ಗೋಡೆ, ವಿದ್ಯುತ್ ಕಂಬಗಳ ಮೇಲೆ ಬಣ್ಣದಲ್ಲಿ ಬರೆಸುವುದಕ್ಕೆ ದೊಡ್ಡ ಖರ್ಚೇನಿಲ್ಲ.

ಪರಿಹಾರದ ವಿಷಯದಲ್ಲಿ ಅನ್ಯಾಯ ಎದ್ದು ಕಾಣುತ್ತದೆ. 2022-23ರಿಂದ 2025-26ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾಗಿದ್ದರೆ ನೀರಾವರಿ ಜಮೀನಿಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆಗೆ 7,000 ರೂಪಾಯಿಯೂ ಬೀಳದ ಈ ಹಣ ಉಳುಮೆ, ನಾಟಿ, ಗೊಬ್ಬರದ ಖರ್ಚಿಗೆ ಸಾಲುವುದಿಲ್ಲ. ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ವಾರಕ್ಕೋ ಗುತ್ತಿಗೆಗೋ ಗದ್ದೆ ಮಾಡಿ ಸಾಲ ಹೊತ್ತವರಿಗೂ, ಕೂಲಿ ತಪ್ಪಿದ ಹೆಣ್ಣಾಳುಗಳಿಗೂ ಆ ಪಟ್ಟಿಯಲ್ಲಿ ಜಾಗವಿಲ್ಲ.

ಎತ್ತರದ ಜಾಗಕ್ಕೆ ಊರನ್ನೇ ಸ್ಥಳಾಂತರಿಸುವ ಮಾತು ಪ್ರತಿ ನೆರೆಯಲ್ಲೂ ಎದ್ದು, ನೀರಿನ ಜೊತೆಯಲ್ಲೇ ಇಳಿದುಹೋಗುತ್ತದೆ. ಜನ ಹಿಂಜರಿಯುವುದು ಹಟದಿಂದಲ್ಲ. ಗದ್ದೆ, ಕೊಟ್ಟಿಗೆ, ಊರ ದೇವರ ಗುಡಿ ಎಲ್ಲ ಹೊಳೆಬದಿಯಲ್ಲಿದ್ದು, ಹೊಸ ನಿವೇಶನದಲ್ಲಿ ದನ ಕಟ್ಟಲೂ ಜಾಗವಿಲ್ಲದಿದ್ದರೆ ಯಾರೂ ಹೋಗಲಾರರು. ಜಿಲ್ಲಾಡಳಿತ ಬೇಸಿಗೆಯಲ್ಲೇ ಗ್ರಾಮಸಭೆ ಕರೆದು, ಗದ್ದೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಕೊಟ್ಟಿಗೆಗೂ ಸಾಕಾಗುವ ನಿವೇಶನಗಳನ್ನು ಗುರುತಿಸಿ, ಹಕ್ಕುಪತ್ರವನ್ನು ಮನೆಯೊಡತಿಯ ಹೆಸರಿಗೆ ಕೊಡಲಿ. ಈ ಕೆಲಸ ಮುಂದಿನ ಮುಂಗಾರಿನೊಳಗೆ ದಾಸನಪುರದಿಂದಲೇ ಶುರುವಾಗಲಿ.