ಉಕ್ಕಿನ ಶೆಡ್‌ಗಳ ಕಂಬದ ಬೇಸ್ ಪ್ಲೇಟ್: ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪೀಠಿಕೆ

2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಬೃಹತ್ ಉಕ್ಕಿನ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕ್ ಮೇಲೆ ಉರುಳಿ 17 ಜನರು ಮೃತಪಟ್ಟರು. ಅದರ ಅಡಿಪಾಯ ಅಸಮರ್ಪಕವಾಗಿತ್ತೆಂದು ತಾಂತ್ರಿಕ ಪರಿಶೀಲನೆಯಲ್ಲಿ ಕಂಡುಬಂದಿತು. ಗೋದಾಮು, ಕಾರ್ಯಾಗಾರ ಮೊದಲಾದ ಸಣ್ಣ ಲೋಹದ ಕಟ್ಟಡಗಳಿಗೂ ಈ ಘಟನೆಯ ಪಾಠ ಅನ್ವಯಿಸುತ್ತದೆ. ಉಕ್ಕಿನ ಕಂಬವು ಕಾಂಕ್ರೀಟ್ ಅಡಿಪಾಯವನ್ನು ಸೇರುವ ಸ್ಥಳವೇ ಬೇಸ್ ಪ್ಲೇಟ್. ನಕ್ಷೆಗಳಲ್ಲಿ ಅತಿ ಕಡಿಮೆ ವಿವರ ನೀಡಲಾಗುವ ಭಾಗವೂ ಅನೇಕ ವೇಳೆ ಇದೇ ಆಗಿರುತ್ತದೆ.

ಭಾರಕ್ಕಿಂತ ಎಳೆತವೇ ಮುಖ್ಯ

12 ಮೀಟರ್ ಅಗಲದ, 6 ಮೀಟರ್ ಅಂತರದಲ್ಲಿ ಕಂಬಗಳಿರುವ ಶೆಡ್ ಒಂದನ್ನು ಉದಾಹರಣೆಯಾಗಿ ಪರಿಗಣಿಸಬಹುದು. ಪ್ರತಿ ಕಂಬದ ಪಾಲಿಗೆ 36 ಚದರ ಮೀಟರ್ ಚಾವಣಿ ಬರುತ್ತದೆ. ಚಾವಣಿಯ ತೂಕ ಹಾಗೂ ಅದರ ಮೇಲಿನ ಚರಭಾರ ಸೇರಿ ಕಂಬದ ಮೇಲಿನ ಭಾರ ಸುಮಾರು ಮೂರೂವರೆ ಟನ್. ಐಎಸ್ 800:2007ರ ಪ್ರಕಾರ ಬೇಸ್ ಪ್ಲೇಟ್ ಕೆಳಗಿನ ಒತ್ತಡವು ಕಾಂಕ್ರೀಟಿನ ನಿಗದಿತ ಸಾಮರ್ಥ್ಯದ ಶೇ. 60ನ್ನು ಮೀರಬಾರದು. ಎಂ20 ಕಾಂಕ್ರೀಟ್ ಮೇಲೆ 300 ಮಿ.ಮೀ. ಚೌಕದ, ಸಾಕಷ್ಟು ದಪ್ಪದ ಪ್ಲೇಟ್ ಇದ್ದಲ್ಲಿ ಈ ಮಿತಿ ಸುಮಾರು 110 ಟನ್ ಆಗುತ್ತದೆ. ಆದುದರಿಂದ ಸಣ್ಣ ಶೆಡ್‌ಗಳಲ್ಲಿ ಕಾಂಕ್ರೀಟ್ ನುಜ್ಜಾಗುವ ಸಂಭವ ಕಡಿಮೆ. ಅಪಾಯವಿರುವುದು ಗಾಳಿಯು ಚಾವಣಿಯನ್ನು ಮೇಲಕ್ಕೆ ಎಳೆಯುವಾಗ.

ಸ್ಥಳ ಬದಲಾದರೆ ವಿನ್ಯಾಸವೂ ಬದಲಾಗಬೇಕು

ಐಎಸ್ 875 (ಭಾಗ 3):2015ರಂತೆ ಮೂಲ ಗಾಳಿವೇಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಒತ್ತಡವು ವೇಗದ ವರ್ಗವನ್ನು ಅನುಸರಿಸುತ್ತದೆ. ಎಲ್ಲ ಗುಣಾಂಕಗಳನ್ನು ಒಂದೆಂದು ಹಿಡಿದರೆ ಮೇಲಿನ ಶೆಡ್‌ನ ಪ್ರತಿ ಕಂಬಕ್ಕೆ ಬರುವ ಎಳೆತ ಬೆಂಗಳೂರಿನಲ್ಲಿ ಸುಮಾರು 2,400 ಕಿಲೋ, ಮಂಗಳೂರಿನಲ್ಲಿ 3,350 ಕಿಲೋ. ಚದರ ಮೀಟರಿಗೆ 20 ಕಿಲೋದಂತೆ ಚಾವಣಿಯ ತೂಕ 720 ಕಿಲೋ ಕಳೆದಲ್ಲಿ ಉಳಿಯುವುದು ಕ್ರಮವಾಗಿ 1,680 ಮತ್ತು 2,630 ಕಿಲೋ. ಅಂದರೆ ಗಾಳಿವೇಗ ಶೇ. 18ರಷ್ಟು ಹೆಚ್ಚಿದರೆ ನಿವ್ವಳ ಎಳೆತ ಸುಮಾರು ಶೇ. 57ರಷ್ಟು ಹೆಚ್ಚುತ್ತದೆ. ಬೇರೆ ಊರಿನ ಶೆಡ್‌ನ ನಕ್ಷೆಯನ್ನೇ ನಕಲು ಮಾಡಿ ಸಲ್ಲಿಸುವುದು ಈ ಕಾರಣದಿಂದ ಅಪಾಯಕಾರಿ.

ದೌರ್ಬಲ್ಯ ಎಲ್ಲಿದೆ?

4.6 ದರ್ಜೆಯ 20 ಮಿ.ಮೀ. ಬೋಲ್ಟ್ ಒಂದೇ ಸುಮಾರು 7 ಟನ್ ಎಳೆತವನ್ನು ತಡೆಯಬಲ್ಲದು. ಹೀಗಾಗಿ ಬೋಲ್ಟ್ ತುಂಡಾಗುವುದಕ್ಕಿಂತ ಕಾಂಕ್ರೀಟಿನಿಂದ ಕಿತ್ತು ಬರುವ ಅಥವಾ ಹಗುರವಾದ ಅಡಿಪಾಯವೇ ಮೇಲೇಳುವ ಸಾಧ್ಯತೆ ಹೆಚ್ಚು. 1,680 ಕಿಲೋ ಎಳೆತಕ್ಕೆ ಸರಿದೂಗಲು, ಮಣ್ಣಿನ ಭಾರವನ್ನು ಬಿಟ್ಟು, ಸುಮಾರು 0.7 ಘನ ಮೀಟರ್ ಕಾಂಕ್ರೀಟ್ ಬೇಕು. 2,630 ಕಿಲೋಗೆ 1.1 ಘನ ಮೀಟರ್. ಸುರಕ್ಷತಾ ಅಂಶ ಸೇರಿಸಿದರೆ ಇದು ಇನ್ನೂ ಹೆಚ್ಚುತ್ತದೆ. ತೆಳುವಾದ ನೆಲಹಾಸಿಗೆ ರಂಧ್ರ ಕೊರೆದು ಬೋಲ್ಟ್ ಕೂರಿಸಿದಲ್ಲಿ ಇಷ್ಟು ತೂಕ ದೊರೆಯುವುದಿಲ್ಲ.

ಅರ್ಜಿದಾರರ ಗಮನಕ್ಕೆ

1. ವಿನ್ಯಾಸ ಲೆಕ್ಕದಲ್ಲಿ ನಿವೇಶನ ಇರುವ ಊರಿನ ಗಾಳಿವೇಗವನ್ನೇ ಬಳಸಲಾಗಿದೆಯೇ ಎಂದು ಎಂಜಿನಿಯರರಿಂದ ಖಚಿತಪಡಿಸಿಕೊಳ್ಳುವುದು.

2. ಕಂಬದ ಬುಡವನ್ನು ಬಿಗಿ ಜೋಡಣೆಯೆಂದು ಅಥವಾ ತಿರುಗಬಲ್ಲ ಜೋಡಣೆಯೆಂದು ಭಾವಿಸಲಾಗಿದೆಯೇ ಎಂಬುದನ್ನು ನಕ್ಷೆಯಲ್ಲಿ ನಮೂದಿಸುವುದು. ಬಿಗಿ ಜೋಡಣೆಯು ಬಾಗುಬಲವನ್ನೂ ಅಡಿಪಾಯಕ್ಕೆ ವರ್ಗಾಯಿಸುವುದರಿಂದ, ಶೆಡ್ ತಯಾರಕರು ಮತ್ತು ಅಡಿಪಾಯದ ಗುತ್ತಿಗೆದಾರರು ಒಂದೇ ಲೆಕ್ಕವನ್ನು ಅನುಸರಿಸತಕ್ಕದ್ದು.

3. ಪ್ಲೇಟಿನ ಅಳತೆ ಹಾಗೂ ದಪ್ಪ, ಬೋಲ್ಟ್‌ಗಳ ಸಂಖ್ಯೆ, ವ್ಯಾಸ ಮತ್ತು ಕಾಂಕ್ರೀಟಿನೊಳಗಿನ ಉದ್ದವನ್ನು ತೋರಿಸುವುದು.

4. ಪ್ಲೇಟ್ ಕೆಳಗೆ ಗ್ರೌಟ್ ತುಂಬಿಸುವುದು ಹಾಗೂ ನೀರು ನಿಂತು ತುಕ್ಕು ಹಿಡಿಯದಂತೆ ಪೀಠವನ್ನು ನೆಲಮಟ್ಟಕ್ಕಿಂತ ಎತ್ತರಿಸುವುದು.

ಮೇಲಿನ ಅಂಕಿಗಳು ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದ್ದು, ಅರ್ಹ ಎಂಜಿನಿಯರರ ವಿನ್ಯಾಸಕ್ಕೆ ಪರ್ಯಾಯವಲ್ಲ. ಕಾಂಕ್ರೀಟ್ ಹಾಕಿದ ನಂತರ ಅಡಿಪಾಯದ ಲೋಪವನ್ನು ಸರಿಪಡಿಸುವುದು ದುಬಾರಿಯಾದುದರಿಂದ ಈ ಅಂಶಗಳನ್ನು ಅರ್ಜಿ ಸಲ್ಲಿಸುವ ಮುನ್ನವೇ ಪರಿಶೀಲಿಸುವುದು ಸೂಕ್ತ.