ಹತಾಶೆಯೇ ಬಂದೂಕು ಲಾಬಿಯ ಬಂಡವಾಳ

2013ರ ಏಪ್ರಿಲ್ 17ರಂದು ಅಮೆರಿಕದ ಸೆನೆಟ್ ಮುಂದೆ ಬಂದ ತಿದ್ದುಪಡಿ ಯಾರ ಮನೆಯ ಬಂದೂಕನ್ನೂ ಕಿತ್ತುಕೊಳ್ಳುವಂಥದ್ದಾಗಿರಲಿಲ್ಲ. ಪರವಾನಗಿ ಪಡೆದ ಅಂಗಡಿಯಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಪದ್ಧತಿ ಆಗಲೇ ಇತ್ತು. ಬಂದೂಕು ಮೇಳಗಳಲ್ಲಿ ಮತ್ತು ಆನ್‌ಲೈನ್ ಜಾಹೀರಾತಿನ ಮೂಲಕ ನಡೆಯುವ ಖಾಸಗಿ ಮಾರಾಟಕ್ಕೂ ಅದು ಅನ್ವಯಿಸಲಿ ಎಂಬುದಷ್ಟೇ ಬೇಡಿಕೆ. ಕನೆಕ್ಟಿಕಟ್‌ ರಾಜ್ಯದ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಯ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾಗಿ ನಾಲ್ಕು ತಿಂಗಳಾಗಿತ್ತು. ಸಮೀಕ್ಷೆಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಪರಿಶೀಲನೆಯ ಪರವಿದ್ದರು. ತಿದ್ದುಪಡಿ ಮಂಡಿಸಿದ ಜೋ ಮ್ಯಾನ್ಚಿನ್ ಮತ್ತು ಪ್ಯಾಟ್ ಟೂಮಿ ಇಬ್ಬರೂ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನಿಂದ (ಎನ್‌ಆರ್‌ಎ) ‘ಎ’ ಶ್ರೇಣಿ ಪಡೆದಿದ್ದವರು. ಪರ 54 ಮತ, ವಿರುದ್ಧ 46. ಆದರೆ ಬಹುಮತವಷ್ಟೇ ಸಾಲದು, ಬೇಕಿದ್ದದ್ದು 60. ತಿದ್ದುಪಡಿ ಬಿದ್ದುಹೋಯಿತು. ಅರಿಜೋನಾದ ಟೂಸಾನ್ ನಗರದ ಗುಂಡಿನ ದಾಳಿಯಲ್ಲಿ ಬದುಕುಳಿದಿದ್ದ ಮಹಿಳೆಯೊಬ್ಬರು ಗ್ಯಾಲರಿಯಿಂದ ‘ನಿಮಗೆ ನಾಚಿಕೆಯಾಗಬೇಕು’ ಎಂದು ಕೂಗಿದರು. ಭದ್ರತಾ ಸಿಬ್ಬಂದಿ ಅವರನ್ನು ಹೊರಗೆ ಕರೆದೊಯ್ದರು.

ಹತ್ತರಲ್ಲಿ ಒಂಬತ್ತು ಮಂದಿ ಬೇಕೆಂದದ್ದು ಏಕೆ ಆಗುವುದಿಲ್ಲ? ‘ಲಾಬಿಯ ದುಡ್ಡು’ ಎಂಬುದು ಎಲ್ಲರ ಬಾಯಲ್ಲೂ ಇರುವ ಉತ್ತರ. ದುಡ್ಡು ಇಲ್ಲವೆಂದಲ್ಲ, 2016ರಲ್ಲಿ ಡೊನಾಲ್ಡ್ ಟ್ರಂಪ್ ಪರವಾಗಿ ಎನ್‌ಆರ್‌ಎ 3 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಮಾಡಿತು. ಆದರೆ ಔಷಧ ಕಂಪನಿಗಳು ಸಂಸದರ ಮನವೊಲಿಕೆಗೆ ಪ್ರತಿವರ್ಷ ಸುರಿಯುವ ಹಣದ ಮುಂದೆ ಬಂದೂಕು ಲಾಬಿಯದ್ದು ಏನೇನೂ ಅಲ್ಲ. ಅದರ ಶಕ್ತಿಯ ಮೂಲ ಬೇರೆಡೆ ಇದೆ.

ಎನ್‌ಆರ್‌ಎ ಹುಟ್ಟಿದ್ದು 1871ರಲ್ಲಿ. ಅಂತರ್ಯುದ್ಧದಲ್ಲಿ ಯೋಧರ ಗುರಿ ತಪ್ಪುತ್ತಿದ್ದುದನ್ನು ಕಂಡು ಬೇಸತ್ತ ಉತ್ತರದ ಸೇನಾಧಿಕಾರಿಗಳು ಗುರಿಕಾರಿಕೆ ಕಲಿಸಲು ಕಟ್ಟಿದ ಸಂಘ ಅದು. 1977ರಲ್ಲಿ ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಬಂದೂಕು ಹಕ್ಕಿನ ಕಟ್ಟಾ ಪ್ರತಿಪಾದಕ ಹಾರ್ಲನ್ ಕಾರ್ಟರ್ ಬೆಂಬಲಿಗರು ರಾತ್ರೋರಾತ್ರಿ ಹಳೆಯ ನಾಯಕತ್ವವನ್ನು ಕಿತ್ತೊಗೆದ ಮೇಲೆ ಅದು ಅಪ್ಪಟ ರಾಜಕೀಯ ಸಂಘಟನೆಯಾಯಿತು. ಅಭ್ಯರ್ಥಿಗಳಿಗೆ ಶಾಲಾ ಮಕ್ಕಳಂತೆ ಶ್ರೇಣಿ ಕೊಡುವುದು, ಆ ಪಟ್ಟಿಯನ್ನು ಲಕ್ಷಾಂತರ ಸದಸ್ಯರ ಮನೆಗೆ ತಲುಪಿಸುವುದು, ಮಸೂದೆ ಬಂದ ದಿನವೇ ಸಂಸದರ ಕಚೇರಿಯ ಫೋನುಗಳು ಬಿಡುವಿಲ್ಲದೆ ರಿಂಗಣಿಸುವಂತೆ ಮಾಡುವುದು ಅದರ ಕಸುಬಾಯಿತು. ಬಂದೂಕು ನಿಯಂತ್ರಣ ಬೇಕೆನ್ನುವವರು ಬಹುಸಂಖ್ಯಾತರೇ ಸರಿ. ಆದರೆ ಮತ ಹಾಕುವಾಗ ಅವರಿಗೆ ಉದ್ಯೋಗ, ತೆರಿಗೆ, ಆಸ್ಪತ್ರೆ ಖರ್ಚು ಎಲ್ಲವೂ ಮುಖ್ಯ. ಬೇಡವೆನ್ನುವವರಲ್ಲಿ ಅನೇಕರಿಗೆ ಅದೊಂದೇ ವಿಷಯ. ಸಂಸದರು ಹೆದರುವುದು ಎರಡನೆಯ ಗುಂಪಿಗೆ. 1994ರಲ್ಲಿ ಸೇನಾ ಮಾದರಿಯ ಬಂದೂಕುಗಳನ್ನು ನಿಷೇಧಿಸಿದ ಬೆನ್ನಿಗೇ ಡೆಮಾಕ್ರಟಿಕ್ ಪಕ್ಷ ಕೆಳಮನೆಯಲ್ಲಿ ಬಹುಮತ ಕಳೆದುಕೊಂಡಿತು. ಬಿಲ್ ಕ್ಲಿಂಟನ್ ಅವರೇ ಆ ಸೋಲಿನಲ್ಲಿ ಎನ್‌ಆರ್‌ಎ ಪಾಲು ದೊಡ್ಡದು ಎಂದರು. ನಿಷೇಧಕ್ಕೆ ಇದ್ದ ಹತ್ತು ವರ್ಷದ ಅವಧಿ 2004ರಲ್ಲಿ ಮುಗಿದಾಗ ಅದನ್ನು ನವೀಕರಿಸುವ ಧೈರ್ಯ ಕಾಂಗ್ರೆಸ್ಸಿಗೆ ಇರಲಿಲ್ಲ.

ಕಾನೂನು ತಡೆಯುವುದಕ್ಕಿಂತ ಸೂಕ್ಷ್ಮವಾದ ಕೆಲಸವೊಂದನ್ನೂ ಲಾಬಿ ಮಾಡಿದೆ: ಇರುವ ಕಾನೂನಿನ ಕಣ್ಣು ಕಟ್ಟುವುದು. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿ ಒಕ್ಕೂಟ ಸರ್ಕಾರದ ಬಂದೂಕು ಪತ್ತೆ ಕೇಂದ್ರವಿದೆ. ಕೊಲೆ ನಡೆದ ಸ್ಥಳದಲ್ಲಿ ಸಿಕ್ಕ ಬಂದೂಕನ್ನು ಮೊದಲು ಕೊಂಡವರು ಯಾರು ಎಂದು ಪೊಲೀಸರು ಕೇಳುವುದು ಇಲ್ಲಿಯೇ. ಬಾಗಿಲು ಮುಚ್ಚಿದ ಅಂಗಡಿಗಳ ಮಾರಾಟ ದಾಖಲೆಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಇಲ್ಲಿಗೆ ಬಂದು ಬೀಳುತ್ತವೆ. ಕಾಗದದ ಭಾರಕ್ಕೆ ನೆಲ ಕುಸಿದೀತೆಂದು ಪಾರ್ಕಿಂಗ್ ಜಾಗದಲ್ಲಿ ಕಂಟೇನರ್ ನಿಲ್ಲಿಸಿ ಅದರಲ್ಲಿ ತುಂಬಿಟ್ಟದ್ದೂ ಉಂಟು. ಅವುಗಳನ್ನು ಸ್ಕ್ಯಾನ್ ಮಾಡುತ್ತಾರೆ, ಆದರೆ ಹೆಸರು ಹಾಕಿ ಹುಡುಕುವಂತಿಲ್ಲ. ಫೋಟೊ ನೋಡಿದಂತೆ ಒಂದೊಂದೇ ಪುಟ ಸರಿಸುತ್ತಾ ಹೋಗಬೇಕು. ಬಂದೂಕು ಮಾಲೀಕರ ರಾಷ್ಟ್ರೀಯ ನೋಂದಣಿ ಇರಕೂಡದು ಎಂದು 1986ರ ಕಾಯ್ದೆ ಕಟ್ಟಪ್ಪಣೆ ಮಾಡಿದ್ದರ ಫಲ ಇದು. ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಮುಗಿಯಬೇಕಾದ ಹುಡುಕಾಟಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

ಸಂಶೋಧನೆಗೂ ಇದೇ ಗತಿಯಾಯಿತು. ರೋಗ ನಿಯಂತ್ರಣ ಕೇಂದ್ರದ ಹಣ ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಕೆಯಾಗಬಾರದು ಎಂದು 1996ರಲ್ಲಿ ತಿದ್ದುಪಡಿ ಬಂತು. ಬಂದೂಕು ಸಾವುಗಳ ಅಧ್ಯಯನಕ್ಕೆ ಕೇಂದ್ರ ಖರ್ಚು ಮಾಡಿದ್ದ 26 ಲಕ್ಷ ಡಾಲರ್‌ನಷ್ಟೇ ಮೊತ್ತವನ್ನು ಅದರ ಬಜೆಟ್‌ನಿಂದ ಕತ್ತರಿಸಿದ್ದರಿಂದ ವಿಜ್ಞಾನಿಗಳಿಗೆ ಸಂದೇಶ ಅರ್ಥವಾಯಿತು. ತಿದ್ದುಪಡಿ ತಂದ ಜೇ ಡಿಕಿ ಅವರೇ ಮುಂದೆ ಪಶ್ಚಾತ್ತಾಪಪಟ್ಟರು. ಆದರೂ ಅಧ್ಯಯನಕ್ಕೆ ಮತ್ತೆ ಹಣ ಸಿಗಲು 2019ರ ಕೊನೆಯವರೆಗೆ ಕಾಯಬೇಕಾಯಿತು. 2005ರ ಮತ್ತೊಂದು ಕಾಯ್ದೆ, ಬಂದೂಕಿನಿಂದ ನಡೆದ ಅಪರಾಧಕ್ಕೆ ತಯಾರಕರನ್ನು ಕೋರ್ಟಿಗೆಳೆಯುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಸ್ಯಾಂಡಿ ಹುಕ್‌ನ ಕುಟುಂಬಗಳು ಆಕ್ರಮಣಕಾರಿ ಜಾಹೀರಾತಿನ ಅಂಶವನ್ನು ಹಿಡಿದು, ಇದ್ದ ಸಣ್ಣ ಸಂದಿಯಲ್ಲೇ ನುಗ್ಗಿ, 2022ರಲ್ಲಿ ಬಂದೂಕು ತಯಾರಕ ರೆಮಿಂಗ್ಟನ್ ವಿರುದ್ಧದ ಪ್ರಕರಣದಲ್ಲಿ 7.3 ಕೋಟಿ ಡಾಲರ್ ಪರಿಹಾರ ಪಡೆದವು. ದಾಖಲೆ ಹುಡುಕುವಂತಿಲ್ಲ, ವರ್ಷಗಟ್ಟಲೆ ಅಧ್ಯಯನಕ್ಕೆ ಹಣವಿರಲಿಲ್ಲ, ದಾವೆ ಹೂಡುವ ದಾರಿ ಬಹುಮಟ್ಟಿಗೆ ಬಂದ್. ಹೀಗೆ ಕೈಕಾಲು ಕಟ್ಟಿದ ಕಾನೂನು ವಿಫಲವಾದಾಗ ಲಾಬಿಯೇ ಬಂದು ‘ನೋಡಿ, ಕಾನೂನಿನಿಂದ ಏನೂ ಆಗದು’ ಎನ್ನುತ್ತದೆ. ಜನರ ಹತಾಶೆ ಹುಟ್ಟುವುದು ಇಲ್ಲಿ. ‘ಏನು ಮಾಡಿದರೂ ಅಷ್ಟೇ’ ಎಂದು ಕೈಚೆಲ್ಲಿದ ಬಹುಮತಕ್ಕಿಂತ ಅನುಕೂಲಕರ ಎದುರಾಳಿ ಲಾಬಿಗೆ ಬೇರೆ ಯಾರಿದ್ದಾರೆ?

ವ್ಯವಸ್ಥೆಯೂ ಅದಕ್ಕೆ ಒತ್ತಾಸೆಯಾಗಿದೆ. ಸುಮಾರು 3.9 ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೆ ಇಬ್ಬರು ಸೆನೆಟರ್‌ಗಳಾದರೆ, ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಇಬ್ಬರು. ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಬಂದೂಕು ಹೊಂದುವುದು ವ್ಯಕ್ತಿಯ ಹಕ್ಕು ಎಂದಿತು. ಬಂದೂಕಿನ ಮೇಲಿನ ಯಾವುದೇ ನಿರ್ಬಂಧ ದೇಶದ ಐತಿಹಾಸಿಕ ಪರಂಪರೆಗೆ ಹೊಂದಬೇಕು ಎಂದು 2022ರ ಬ್ರೂಯೆನ್ ತೀರ್ಪು ಹೇಳಿತು. ಹೀಗಾಗಿ ಎನ್‌ಆರ್‌ಎ ಸೊರಗಿದರೂ ಅದು ಕಟ್ಟಿದ ಕೋಟೆ ನಿಂತಿದೆ. ಸಂಘವನ್ನು ಮೂರು ದಶಕ ಆಳಿದ ವೇಯ್ನ್ ಲಾಪಿಯೆರ್ 2024ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಮರುತಿಂಗಳೇ ನ್ಯೂಯಾರ್ಕ್‌ನ ಜ್ಯೂರಿ, ಸದಸ್ಯರ ಹಣ ದುರುಪಯೋಗಕ್ಕೆ ಅವರನ್ನು ಹೊಣೆ ಮಾಡಿತು. ಆದರೂ ಸೈಲೆನ್ಸರ್ ಮೇಲಿನ 200 ಡಾಲರ್ ತೆರಿಗೆಯನ್ನು 2025ರಲ್ಲಿ ಕಾಂಗ್ರೆಸ್ ತೆಗೆದುಹಾಕಿತು.

ಬಂದೂಕು ನಮ್ಮ ಸಂಸ್ಕೃತಿ, ಅದರ ಲೆಕ್ಕವಿಡುವುದೆಂದರೆ ನಾಳೆ ಕಿತ್ತುಕೊಳ್ಳಲು ಹೂಡಿದ ಹುನ್ನಾರ ಎಂಬುದು ಲಾಬಿಯ ಹಳೆಯ ವಾದ. ಇದು ಎಷ್ಟು ಪೊಳ್ಳು ಎಂಬುದು ಕೊಡಗನ್ನು ಬಲ್ಲವರಿಗೆ ಗೊತ್ತು. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ ಸಲ್ಲುವ ನೆಲ ಅದು. ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆದರೆ ಆ ವಿನಾಯಿತಿಗೂ ಜಿಲ್ಲಾಡಳಿತದ ಪ್ರಮಾಣಪತ್ರ ಬೇಕು. ಲೆಕ್ಕ ಇದೆ ಎಂದು ಅಲ್ಲಿ ಯಾರ ಗೌರವವೂ ಕುಂದಿಲ್ಲ.

ಹಾಗಾದರೆ ದಾರಿ? ಲಾಬಿ ಸೋತ ಕಡೆಗಳನ್ನು ಗಮನಿಸಬೇಕು. 2014ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ಶಾಸಕರನ್ನು ಕಾಯದೆ, ನೇರ ಮತದಾನದ ಮೂಲಕವೇ ಖಾಸಗಿ ಮಾರಾಟಕ್ಕೂ ಪರಿಶೀಲನೆ ಕಡ್ಡಾಯ ಮಾಡಿದರು. 2018ರ ಫೆಬ್ರುವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಸತ್ತಾಗ ವಿದ್ಯಾರ್ಥಿಗಳು ಬಸ್ಸು ಹತ್ತಿ ರಾಜಧಾನಿ ಟಲಹಾಸಿಗೆ ಹೋದರು, ತಂದೆತಾಯಂದಿರು ಶಾಸಕರ ಬೆನ್ನುಬಿಡಲಿಲ್ಲ. ಎನ್‌ಆರ್‌ಎಯ ಕಣ್ಮಣಿಯಾಗಿದ್ದ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಮೂರೇ ವಾರಗಳಲ್ಲಿ, ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸುವ ಕಾಯ್ದೆಗೆ ಸಹಿ ಹಾಕಿದರು. ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 19 ಮಕ್ಕಳು ಸತ್ತ ಮರುತಿಂಗಳು, ಅಂದರೆ 2022ರ ಜೂನ್‌ನಲ್ಲಿ, ಸೆನೆಟ್‌ನ 15 ರಿಪಬ್ಲಿಕನ್ನರ ಬೆಂಬಲದೊಂದಿಗೆ ಒಕ್ಕೂಟ ಕಾಯ್ದೆಯೇ ಬಂತು. ಅದು ಸಾಧಾರಣ ಕಾಯ್ದೆ, ನಿಜ. ಆದರೆ ಮೂರು ದಶಕಗಳ ಜಡತ್ವ ಮುರಿಯಿತು.

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ನ್ಯೂಜೆರ್ಸಿಯವರೆಗೆ ಕನ್ನಡಿಗರ ಮಕ್ಕಳೂ ಶಾಲೆಯ ‘ಲಾಕ್‌ಡೌನ್ ಡ್ರಿಲ್’ನಲ್ಲಿ ದೀಪ ಆರಿಸಿ, ಬಾಗಿಲಿನಿಂದ ದೂರದ ಮೂಲೆಯಲ್ಲಿ ಸದ್ದಿಲ್ಲದೆ ಕೂರುವುದನ್ನು ಕಲಿಯುತ್ತಾರೆ. ಅವರ ಹೆತ್ತವರಲ್ಲಿ ಅನೇಕರಿಗೆ ಈಗ ಅಲ್ಲಿ ಮತದ ಹಕ್ಕಿದೆ. ವಾಷಿಂಗ್ಟನ್ ಡಿ.ಸಿ.ಯ ಸೆನೆಟ್ ಮೇಲೆ ಕೋಪ ಉಕ್ಕಿಸಿ ವಾರದಲ್ಲಿ ತಣ್ಣಗಾಗುವುದಕ್ಕಿಂತ ತಮ್ಮ ರಾಜ್ಯದ ಶಾಸಕರ ಮೇಲೆ ವರ್ಷವಿಡೀ ಒತ್ತಡ ಹೇರುವುದು ಫಲ ಕೊಡುತ್ತದೆ. ಅಲ್ಪಸಂಖ್ಯೆಯ ಹಟ ಗೆದ್ದದ್ದು ಪಟ್ಟುಹಿಡಿದು, ಪ್ರತಿ ಚುನಾವಣೆಯಲ್ಲೂ ಇದೊಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮತ ಹಾಕಿದ್ದರಿಂದ. ಬಹುಸಂಖ್ಯಾತರು ಅದೇ ಪಟ್ಟು ಕಲಿಯುವವರೆಗೆ, ಸಮೀಕ್ಷೆಯ ಶೇ 90ಕ್ಕೆ ಸೆನೆಟ್‌ನಲ್ಲಿ ಸಿಗುವುದು 54 ಮತ ಮಾತ್ರ.