ಅಂಗಳದ ಹಳೆಯ ಕಾರು



ನಾವು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಉಗ್ರಾಣದ ಹೊಣೆ ಹೊತ್ತ ಹಿರಿಯರೊಬ್ಬರು ಭಕ್ತರು ತಂದ ಪ್ರತಿಯೊಂದು ವಸ್ತುವನ್ನೂ ದಪ್ಪ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದರು. ಬಂದದ್ದು ಒಂದು ಪುಟದಲ್ಲಿ, ಹೋದದ್ದು ಎದುರು ಪುಟದಲ್ಲಿ. ತೂತು ಬಿದ್ದ ಕೊಪ್ಪರಿಗೆಯೊಂದು ಯಾರ ಕೈಗೆ ಹೋಯಿತು, ಎಷ್ಟು ತೂಕವಿತ್ತು ಎಂಬುದನ್ನೂ ಅವರು ಬಿಡದೆ ಬರೆಯುತ್ತಿದ್ದರು. ಹೋದ ವಸ್ತುವಿಗೆ ಲೆಕ್ಕವೇಕೆಂದು ನಾವು ಒಮ್ಮೆ ಕೇಳಿದಾಗ, ಬಂದದ್ದರ ಲೆಕ್ಕ ಮುಗಿಯುವುದೇ ಅಲ್ಲಿ ಎಂದು ಅವರು ನಕ್ಕರು. ಆ ಮಾತಿನ ಅರ್ಥ ಐವತ್ತು ವರ್ಷಗಳ ತರುವಾಯ, ಗಲಗಲಿಯ ನಮ್ಮ ಮನೆಯಂಗಳದಲ್ಲಿ ನಿಂತ ಒಂದು ಹಳೆಯ ಕಾರಿನಿಂದ ನಮಗೆ ತಿಳಿಯಬೇಕಾಯಿತು.

ಅದು ನಮ್ಮ ಅಣ್ಣನವರು 1996ರಲ್ಲಿ ಕೊಂಡ ಬಿಳಿಯ ಮಾರುತಿ 800. ಈ ಕಾರು 1983ರ ಡಿಸೆಂಬರಿನಲ್ಲಿ ಮೊದಲು ಜನರ ಕೈ ಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವವರೆಗೂ ನಮ್ಮ ದೇಶದ ಎಷ್ಟೋ ಮಧ್ಯಮ ವರ್ಗದ ಮನೆಗಳ ಮೊದಲ ಕಾರಾಗಿತ್ತು. ಅಣ್ಣನವರು ಶಾಲಾ ಶಿಕ್ಷಕರು. ಕಾರು ಹೆಸರಿಗೆ ಅವರದಾದರೂ ಓಡಾಟ ಊರಿನದಾಗಿತ್ತು. ನಡುರಾತ್ರಿ ಹೆರಿಗೆಯ ಬೇನೆ ಬಂದವರನ್ನು ಜಮಖಂಡಿಗೆ, ಹಾವು ಕಡಿದವರನ್ನು ಕೃಷ್ಣೆಯ ಸೇತುವೆ ದಾಟಿ ಬಬಲೇಶ್ವರದ ಮಾರ್ಗವಾಗಿ ವಿಜಾಪುರಕ್ಕೆ, ನಡೆಯಲಾರದ ವೃದ್ಧರನ್ನು ಕೂಡಲಸಂಗಮಕ್ಕೆ ಅದು ಹೊತ್ತೊಯ್ದಿತ್ತು. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರ ಗಂಟುಮೂಟೆಗಳನ್ನೂ ಒಂದೆರಡು ವರ್ಷ ಅದೇ ಹೊತ್ತಿತು. ಪ್ರತಿ ಪ್ರಯಾಣದ ಮೈಲಿ, ಪೆಟ್ರೋಲು, ದುರಸ್ತಿಯ ಖರ್ಚು ಇವುಗಳನ್ನು ಅಣ್ಣನವರು ಒಂದು ಚಿಕ್ಕ ವಹಿಯಲ್ಲಿ ಬರೆಯುತ್ತಿದ್ದರು.

2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದು ನದಿತೀರದ ಊರುಗಳು ತತ್ತರಿಸಿದಾಗ, ಹೊಲದ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಕಾರಿನ ಆಸನದ ಮಟ್ಟಕ್ಕೆ ನೀರೇರಿತು. ಅಂದು ಕೆಟ್ಟ ಎಂಜಿನ್ನು ಮತ್ತೆ ಸದ್ದು ಮಾಡಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು ಮನೆಯ ಮುಂದಿನ ಬೇವಿನ ಮರದಡಿ ನಿಲ್ಲಿಸಲಾಯಿತು. ಮೂರು ವರ್ಷಗಳ ಹಿಂದೆ ಅಣ್ಣನವರು ಲಿಂಗೈಕ್ಯರಾದರು. ಕಾರು ಮಾತ್ರ ಅಲ್ಲಿಯೇ ಉಳಿಯಿತು. ಮೊದಲು ಕೋಳಿಗಳು ಅದರಲ್ಲಿ ಮೊಟ್ಟೆಯಿಟ್ಟವು. ಮಳೆಗಾಲದಲ್ಲಿ ತಳದಲ್ಲಿ ನೀರು ನಿಂತು ಸೊಳ್ಳೆಗಳಾದವು. ಕಳೆದ ವರ್ಷ ನಾಗರಹಾವೊಂದು ಅದರಡಿಯಿಂದ ಹೊರಬಂದಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇನ್ನು ಇದನ್ನು ಬೀಳ್ಕೊಡಲೇಬೇಕೆಂದು ನಾವು ನಿಶ್ಚಯಿಸಿದೆವು.

ಹಿಂದಿನ ಕಾಲದಲ್ಲಿ ಮನೆಯ ಚಕ್ಕಡಿ ಹಳತಾದರೆ ಅದರ ವಿಲೇವಾರಿ ಯಾರಿಗೂ ಕಷ್ಟವಾಗುತ್ತಿರಲಿಲ್ಲ. ಗಟ್ಟಿಯಿದ್ದ ಕಟ್ಟಿಗೆಯನ್ನು ಬಡಿಗೇರರು ಬೇರೆ ಕೆಲಸಕ್ಕೆ ಒಯ್ಯುತ್ತಿದ್ದರು, ಉಳಿದದ್ದು ಒಲೆ ಸೇರುತ್ತಿತ್ತು. ಗಾಲಿಯ ಕಬ್ಬಿಣದ ಪಟ್ಟಿ ಕಂಬಾರರ ಕುಲುಮೆಯಲ್ಲಿ ಕಾದು ಮತ್ತೊಂದು ಉಪಕರಣವಾಗುತ್ತಿತ್ತು. ಚಕ್ಕಡಿಗೆ ಹೆಸರಿನ ಪತ್ರವಿರಲಿಲ್ಲ. ಕಾರಿಗಾದರೋ ಹೆಸರಿದೆ, ಸಂಖ್ಯೆಯಿದೆ, ಸರಕಾರದ ದಫ್ತರದಲ್ಲಿ ಒಡೆಯನಿದ್ದಾನೆ. ಕಬ್ಬಿಣ ಕರಗಿದರೂ ದಫ್ತರದ ಹೆಸರು ತಾನಾಗಿ ಕರಗುವುದಿಲ್ಲ. ನಮಗೆ ಎದುರಾದ ತೊಡಕೆಲ್ಲ ಇದರಿಂದಲೇ ಹುಟ್ಟಿತು.

ಸುದ್ದಿ ತಿಳಿದ ಗುಜರಿಯ ವ್ಯಾಪಾರಿಯೊಬ್ಬನು ಮರುದಿನವೇ ಬಂದನು. “ಗುರುಗಳ, ಕಾಗದಪತ್ರ ಏನೂ ಬ್ಯಾಡ್ರಿ. ಇಪ್ಪತ್ತು ಸಾವಿರ ಎಣಿಸಿಕೊಳ್ರಿ, ಇವತ್ತ ಗಾಡಿ ಒಯ್ತೀನಿ” ಎಂದನು. ಬೆಂಗಳೂರಿನಲ್ಲಿರುವ ಅಣ್ಣನವರ ಮಗನು ದೂರವಾಣಿಯಲ್ಲಿ, “ಕಾಕಾ, ಕೊಟ್ಟು ಕೈ ತೊಳಕೊಳ್ರಿ” ಎಂದನು. ನಮಗೂ ಅದೇ ಸರಿಯೆನಿಸಿತು. ಆದರೆ ವೈನಿಯವರು ಬಾಗಿಲಲ್ಲಿ ನಿಂತು, “ಅವರು ಕೈಯಾರೆ ತೊಳದ ಗಾಡಿ ಅದು. ನಾ ಇರೂತನಕ ಇರಲಿ ಬಿಡ್ರಿ” ಎಂದರು. ಆ ಮಾತಿನ ಮುಂದೆ ನಾವು ಏನನ್ನೂ ಆಡಲಾರದಾದೆವು. ವ್ಯಾಪಾರಿಯು ವಾರ ಬಿಟ್ಟು ಬರುವೆನೆಂದು ಹೋದನು.

ಆ ವಾರದಲ್ಲಿಯೇ ನಮ್ಮ ಬಂಧುಗಳೊಬ್ಬರು ನ್ಯಾಯಾಲಯದ ನೋಟೀಸೊಂದನ್ನು ಹಿಡಿದು ಅರ್ಥ ಕೇಳಲು ಬಂದರು. ನಾಲ್ಕು ವರ್ಷಗಳ ಹಿಂದೆ ಅವರು ತಮ್ಮ ಹಳೆಯ ಜೀಪನ್ನು ಬಿಳಿಯ ಹಾಳೆಯ ಮೇಲೆ ಸಹಿ ಮಾಡಿಸಿಕೊಂಡು ಮಾರಿದ್ದರು. ಕೊಂಡವನು ಮತ್ತೊಬ್ಬನಿಗೆ, ಅವನು ಇನ್ನೊಬ್ಬನಿಗೆ ಮಾರಿದ್ದಾಯಿತು. ವಿಮೆಯಿಲ್ಲದ ಆ ಜೀಪು ದಾರಿಹೋಕನೊಬ್ಬನಿಗೆ ಬಡಿದು ಅವನ ಕಾಲು ಹೋಯಿತು. ಪರಿಹಾರದ ದಾವೆಯಲ್ಲಿ ಒಡೆಯರೆಂದು ಬರೆದದ್ದು ನಮ್ಮ ಬಂಧುಗಳ ಹೆಸರೇ. ಜೀಪಿನ ಮುಖವನ್ನು ನೋಡಿ ನಾಲ್ಕು ವರ್ಷಗಳಾದವೆಂದು ಅವರು ಕಣ್ಣೀರಿಟ್ಟರು.

ಅವರ ನಿಮಿತ್ತವಾಗಿ ನಾವು ವಕೀಲ ಮಿತ್ರರನ್ನು ಕಂಡು ವಿಷಯವನ್ನು ತಿಳಿದುಕೊಂಡೆವು. 1988ರ ಮೋಟಾರು ವಾಹನಗಳ ಕಾಯಿದೆಯ 50ನೆಯ ಕಲಮಿನಂತೆ, ರಾಜ್ಯದೊಳಗೆ ವಾಹನ ಮಾರಿದವರು 14 ದಿನಗಳೊಳಗೆ ನೋಂದಣಿ ಅಧಿಕಾರಿಗಳಿಗೆ ವರದಿ ಮಾಡಬೇಕು. ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಒಡೆಯರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಅಲ್ಲಿಯೂ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು. ಹೆಸರು ಮಾತ್ರ ಮೊದಲಿನವರದೇ ಉಳಿದಿತ್ತು. ಪರಿಹಾರದ ಹೊಣೆಯೂ ಅವರ ಮೇಲೆಯೇ ಬಂದಿತು. ಗಾಯಗೊಂಡ ಬಡವನು ಕೈಯಿಂದ ಕೈಗೆ ಹೋದ ವಾಹನದ ಹಿಂದೆ ಅಲೆದಾಡುವಂತಾಗಬಾರದೆಂಬುದು ಆ ತೀರ್ಪಿನ ತಿರುಳು. ಯೋಚಿಸಿದರೆ ಇದು ನ್ಯಾಯವೇ ಆಗಿದೆ.

ಕೆಟ್ಟು ನಿಂತ ಕಾರಿಗೆ ಈ ಭಯವೇಕೆಂದು ಕೆಲವರು ಕೇಳಬಹುದು. ಗುಜರಿಗೆ ಹೋದ ಕಾರು ಎಲ್ಲವೂ ಮುರಿಯಲ್ಪಡುವುದಿಲ್ಲ. ಬೇರೆ ಎಂಜಿನ್ನು ಕೂಡಿಸಿಕೊಂಡು ಅದು ಮತ್ತೆ ರಸ್ತೆಗಿಳಿಯಬಹುದು. ಕದ್ದ ವಾಹನಕ್ಕೆ ಅದರ ಸಂಖ್ಯೆಯ ಫಲಕವನ್ನು ಜೋಡಿಸುವ ದುಷ್ಟರೂ ಇದ್ದಾರೆ. ಈ ಮಾತನ್ನು ನಾವು ವೈನಿಯವರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವರ ಹೆಸರು ಕೋರ್ಟಿನಾಗ ಕೂಗಬಾರದು. ಹೆಂಗ ಸರಿನೋ ಹಂಗ ಮಾಡ್ರಿ” ಎಂದರು. ವಾರ ಬಿಟ್ಟು ಬಂದ ವ್ಯಾಪಾರಿಯನ್ನು ನಾವು ಬರಿಗೈಯಲ್ಲಿ ಕಳುಹಿಸಿದೆವು.

ಸರಿಯಾದ ಮಾರ್ಗವಾವುದೆಂದು ವಿಚಾರಿಸಿದಾಗ, ಕೇಂದ್ರ ಸರಕಾರವು 2021ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ವಾಹನ ಗುಜರಿ ಕೇಂದ್ರಗಳ ನಿಯಮಗಳ ವಿಷಯ ತಿಳಿದುಬಂದಿತು. ಅದರಂತೆ ನೋಂದಾಯಿತ ಕೇಂದ್ರಗಳು ಕಾರಿನ ದಾಖಲೆಗಳನ್ನು ಪರಿಶೀಲಿಸಿ, ಅದು ಕಳುವಿನದಲ್ಲವೆಂದು ಖಚಿತಪಡಿಸಿಕೊಂಡು ಠೇವಣಿ ಪ್ರಮಾಣಪತ್ರವನ್ನು ಕೊಡುತ್ತವೆ. ತರುವಾಯ ಎಣ್ಣೆ, ಬ್ಯಾಟರಿ, ತಂಪುಗೊಳಿಸುವ ಅನಿಲ ಇವುಗಳನ್ನು ಬೇರ್ಪಡಿಸಿ, ಚಾಸಿ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ತೆಗೆದಿಟ್ಟು, ಉಳಿದುದನ್ನು ಮುರಿದು ಗುಜರಿ ಪ್ರಮಾಣಪತ್ರವನ್ನು ಕೊಡುತ್ತವೆ. ಠೇವಣಿ ಪತ್ರವಿದ್ದವರು ಹೊಸ ಖಾಸಗಿ ವಾಹನ ಕೊಂಡರೆ ರಸ್ತೆ ತೆರಿಗೆಯಲ್ಲಿ ಶೇಕಡಾ 25ರವರೆಗೆ ರಿಯಾಯಿತಿ ಕೊಡಲು ನಿಯಮಗಳಲ್ಲಿ ಅವಕಾಶವಿದೆ. ದಿಲ್ಲಿಯಲ್ಲಿರುವಂತೆ ವಯಸ್ಸಾದ ಮಾತ್ರಕ್ಕೆ ಕಾರನ್ನು ತಡೆಯುವ ಕಟ್ಟಳೆ ನಮ್ಮ ಭಾಗದಲ್ಲಿಲ್ಲ. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಿಂದ 10,000 ರೂಪಾಯಿಗೆ ಏರಿದೆ. ಓಡದ ಕಾರಿಗೆ ಇಷ್ಟು ಹಣ ತೆತ್ತು ಉಳಿಸಿಕೊಳ್ಳುವುದು ವಿವೇಕವಲ್ಲ.

ದಾರಿ ತಿಳಿದ ಮೇಲೆ ಅಲೆದಾಟ ಆರಂಭವಾಯಿತು. ಬಾಗಲಕೋಟೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ನಮ್ಮ ಕಾರು ಅದಕ್ಕೂ ಒಂದು ವರ್ಷ ಹಿರಿಯದಾದುದರಿಂದ ಅದರ ಮೇಲೆ ಅವಿಭಜಿತ ವಿಜಾಪುರ ಜಿಲ್ಲೆಯ ಕೆಎ 28ರ ಸಂಖ್ಯೆಯಿತ್ತು. ಈಗ ನಮ್ಮ ಭಾಗದವರು ಹೊಸ ವಾಹನಕ್ಕೆ ಜಮಖಂಡಿಯ ಕೆಎ 48ರ ಸಂಖ್ಯೆ ಪಡೆಯುತ್ತಾರೆ. ಹಳೆಯ ದಾಖಲೆ ಎಲ್ಲಿದೆಯೆಂದು ತಿಳಿಯಲು ಎರಡು ಪ್ರಯಾಣಗಳಾದವು. ಒಡೆಯರು ಇಲ್ಲವಾದುದರಿಂದ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ದೃಢೀಕರಣ, ವಾರಸುದಾರರ ಒಪ್ಪಿಗೆ ಇವು ಬೇಕಾದವು. ನೋಂದಣಿ ಪತ್ರದಲ್ಲಿ ಅಣ್ಣನವರ ಹೆಸರಿನೊಡನೆ ಮನೆತನದ ಹೆಸರಿತ್ತು, ಮರಣಪತ್ರದಲ್ಲಿ ತಂದೆಯ ಹೆಸರಿತ್ತು. ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಬರೆಸಬೇಕಾಯಿತು. ಒಂದು ಕಚೇರಿಯಲ್ಲಿ ನಾಳೆ ಬನ್ನಿರೆಂದರು. ಆ ನಾಳೆ ಮೂರು ವಾರಗಳ ನಂತರ ಬಂದಿತು. ಚಾಸಿಯ ಸಂಖ್ಯೆ ತುಕ್ಕಿನಲ್ಲಿ ಅಡಗಿತ್ತು. ಮೇಸ್ತ್ರಿಯೊಬ್ಬರು ಸೀಮೆಎಣ್ಣೆಯಿಂದ ಒರೆಸಿ, ತೆಳುವಾದ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿದಾಗ ಅಂಕಿಗಳು ಒಂದೊಂದಾಗಿ ಮೇಲೆ ಬಂದವು. ಹೀಗೆ ಒಟ್ಟು ನಾಲ್ಕು ತಿಂಗಳುಗಳು ಕಳೆದವು.

ಈ ಕಷ್ಟ ನಮ್ಮಲ್ಲಿ ಮಾತ್ರವೇ ಎಂಬ ಪ್ರಶ್ನೆ ಮೂಡುವುದು ಸಹಜ. ಜಪಾನಿನಲ್ಲಿ 2005ರಿಂದ ಜಾರಿಯಲ್ಲಿರುವ ಕಾಯಿದೆಯಂತೆ, ಹೊಸ ಕಾರು ಕೊಳ್ಳುವಾಗಲೇ ಅದರ ಅಂತ್ಯಕಾಲದ ವೆಚ್ಚವನ್ನು ಕಟ್ಟಿಡಬೇಕು. ಯುರೋಪಿನ ಒಕ್ಕೂಟವು 2000ದಲ್ಲಿ ಮಾಡಿದ ಕಟ್ಟಳೆಯು, ಮುದಿಯಾದ ಕಾರನ್ನು ಒಡೆಯನಿಂದ ಖರ್ಚಿಲ್ಲದೆ ಮರಳಿ ಪಡೆಯುವ ಭಾರವನ್ನು ತಯಾರಕರ ಮೇಲೆ ಹೊರಿಸಿತು. ವಸ್ತು ಮನೆಗೆ ಬರುವ ದಿನವೇ ಅದು ಹೋಗುವ ದಿನವನ್ನು ಎಣಿಸುವ ಈ ಕ್ರಮ ನಮಗೂ ಅನುಕರಣೀಯವಾಗಿದೆ.

ಕೊನೆಗೆ ದೂರದ ನಗರದ ನೋಂದಾಯಿತ ಕೇಂದ್ರದಿಂದ ಒಪ್ಪಿಗೆ ಬಂದಿತು. ಲಾರಿ ಬಂದ ಬೆಳಿಗ್ಗೆ ವೈನಿಯವರು ಕಾರಿನ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಮುಂಭಾಗಕ್ಕೆ ವಿಭೂತಿ ಹಚ್ಚಿ ಒಂದು ಹೂವನ್ನಿಟ್ಟು ಒಳಗೆ ಹೋದರು. ಅಂದು ಹೆರಿಗೆಗೆ ಆ ಕಾರಿನಲ್ಲಿ ಹೋಗಿದ್ದ ತಾಯಿಯೊಬ್ಬಳು, ಎತ್ತರಕ್ಕೆ ಬೆಳೆದ ತನ್ನ ಮಗನೊಡನೆ ಬಂದು ನಿಂತಿದ್ದಳು. ಲಾರಿಗೆ ಏರಿಸಲು ಆ ಹುಡುಗನೂ ಹೆಗಲು ಕೊಟ್ಟನು.

ಕೇಂದ್ರದವರು ಕಾರಿಗೆ ಕಟ್ಟಿದ ಬೆಲೆ 13,000 ರೂಪಾಯಿ. ಲಾರಿಯ ಬಾಡಿಗೆ ಕಳೆದು ಉಳಿದದ್ದು 9,500. ಗುಜರಿಯವನ ಇಪ್ಪತ್ತು ಸಾವಿರಕ್ಕಿಂತ ಇದು ಅರ್ಧಕ್ಕೂ ಕಡಿಮೆ. ಅಲೆದಾಟದ ಖರ್ಚನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ನಮ್ಮ ಬಂಧುಗಳ ದಾವೆ ಇನ್ನೂ ನಡೆದಿದೆ; ಅದನ್ನು ನೋಡಿದಾಗಲೆಲ್ಲ ಈ ನಷ್ಟ ನಮಗೆ ನಷ್ಟವೆನಿಸುವುದಿಲ್ಲ.

ಓದುಗರ ಮನೆಗಳಲ್ಲಿಯೂ ಇಂತಹ ವಾಹನಗಳಿರಬಹುದು. ಅವರಲ್ಲಿ ನಮ್ಮ ವಿನಂತಿ ಇಷ್ಟು. ಓಡುವ ಕಾರನ್ನು ಮಾರುವುದಾದರೆ 29 ಮತ್ತು 30ನೆಯ ನಮೂನೆಗಳನ್ನು ತುಂಬಿ, ಹೆಸರು ಬದಲಾದುದನ್ನು ಕಣ್ಣಾರೆ ಕಂಡ ಮೇಲೆಯೇ ನಿಶ್ಚಿಂತರಾಗಿರಿ. ಸಾಲದಿಂದ ಕೊಂಡ ಕಾರಾದರೆ ಬ್ಯಾಂಕಿನ ಋಣಮುಕ್ತಿ ದಾಖಲೆಯಾಗಿದೆಯೇ ನೋಡಿರಿ. ಒಡೆಯರು ತೀರಿಕೊಂಡಿದ್ದರೆ ವಾರಸುದಾರರು ತಡಮಾಡದೆ ಅಧಿಕಾರಿಗಳಿಗೆ ತಿಳಿಸಿರಿ. ಕಾರು ಪೂರ್ಣವಾಗಿ ಕೆಟ್ಟಿದ್ದರೆ ನೋಂದಣಿಯನ್ನು ರದ್ದುಪಡಿಸಲು 55ನೆಯ ಕಲಮಿನಲ್ಲಿ ದಾರಿಯಿದೆ. ಹಳೆಯ ಎಣ್ಣೆಯನ್ನು, ಬ್ಯಾಟರಿಯ ಆಮ್ಲವನ್ನು ಹಿತ್ತಲಲ್ಲಾಗಲಿ ಹಳ್ಳದಲ್ಲಾಗಲಿ ಚೆಲ್ಲಬೇಡಿರಿ. ನಮ್ಮ ಊರಿನಲ್ಲಿ ಹಳ್ಳಕ್ಕೆ ಚೆಲ್ಲಿದ್ದು ಕೃಷ್ಣೆಯನ್ನು ಸೇರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಮನೆಯ ಹಿರಿಯರು ಇರುವಾಗಲೇ ಅವರ ಕೈಯಿಂದ ಈ ಕೆಲಸವನ್ನು ಮಾಡಿಸಿರಿ. ಒಂದು ಸಹಿಯಲ್ಲಿ ಮುಗಿಯುವುದು, ಅವರು ಹೋದ ಮೇಲೆ ನಾಲ್ಕು ತಿಂಗಳನ್ನು ಬೇಡುತ್ತದೆ.

ಗುಜರಿ ಪ್ರಮಾಣಪತ್ರ ಬಂದ ದಿನ ವೈನಿಯವರು ಪೆಟ್ಟಿಗೆಯಿಂದ ಅಣ್ಣನವರ ವಹಿಯನ್ನು ತೆಗೆದು ನಮ್ಮ ಮುಂದಿಟ್ಟರು. 2019ರ ಜುಲೈಯ ಪೆಟ್ರೋಲಿನ ಲೆಕ್ಕದ ನಂತರ ಅದರ ಹಾಳೆಗಳು ಖಾಲಿಯಿದ್ದವು. ಅವರು ಹೇಳಿದಂತೆ ನಾವು ತಾರೀಖು, ಪ್ರಮಾಣಪತ್ರದ ಸಂಖ್ಯೆ, ಬಂದ ಹಣ ಇವುಗಳನ್ನು ಎದುರು ಪುಟದಲ್ಲಿ ಬರೆದು ಗೆರೆ ಎಳೆದೆವು. ವೈನಿಯವರು ಪ್ರಮಾಣಪತ್ರವನ್ನು ವಹಿಯ ನಡುವೆ ಮಡಿಸಿಟ್ಟು ಪೆಟ್ಟಿಗೆಯ ಮುಚ್ಚಳ ಹಾಕಿದರು.